ಬೂಷ್ಟು ಹಿಡಿದ ಸಿ.ಡಿ.

ಕಳೆದ ಆಷಾಢದ ಒಂದು ಮಧ್ಯಾಹ್ನ, ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒದ್ದೆ ಕೊಡೆಯನ್ನು ಬಾಗಿಲಾಚೆ ಒರಗಿಸಿ, ನಾನು ಕೆಲಸ ಮಾಡುವ ಶಿವಮೊಗ್ಗದ ಕಾಲೇಜು ಗ್ರಂಥಾಲಯದೊಳಗೆ ಬಂದರು. ಅಡಿಕೆಯ ಕೊಳೆರೋಗದ ಬಗ್ಗೆ 2009ರಲ್ಲಿ ತಾವು ಬರೆದ ಕನ್ನಡ ಲೇಖನದ ಪ್ರತಿ ಅವರಿಗೆ ಬೇಕಿತ್ತು. ಅದು ಪ್ರಕಟವಾದದ್ದು ಅಂತರ್ಜಾಲದಲ್ಲಿ ಮಾತ್ರ ಬರುತ್ತಿದ್ದ ಒಂದು ಸಣ್ಣ ಸಂಶೋಧನಾ ಪತ್ರಿಕೆಯಲ್ಲಿ. ವಿಳಾಸ ಹಾಕಿದರೆ ಜೂಜಿನ ಜಾಹೀರಾತು ತೆರೆದುಕೊಂಡಿತು. ಪತ್ರಿಕೆ ನಿಂತ ಮೇಲೆ ಡೊಮೈನ್‌ಗೆ ಹಣ ಕಟ್ಟುವವರಿಲ್ಲದೆ ಆ ಹೆಸರು ಬೇರೆಯವರ ಪಾಲಾಗಿತ್ತು. ಹಳೆಯ ಜಾಲಪುಟಗಳ ಪ್ರತಿ ತೆಗೆದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಪರಿವಿಡಿಯ ಪುಟವೂ ಅದರಲ್ಲಿ ಮೇಷ್ಟ್ರ ಹೆಸರೂ ಸಿಕ್ಕವು, ಪಿಡಿಎಫ್ ಸಿಗಲಿಲ್ಲ.

“ಇದೇ ರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು 1910ರಲ್ಲಿ ಬರೆದದ್ದು ಇವತ್ತಿಗೂ ಸಿಗ್ತದೆ, ನಂದು ಎಲ್ಲಿಗೆ ಹೋಯ್ತು ಮಾರಾಯ್ರೆ?” ಎಂದರು.

2000ದಿಂದ 2019ರವರೆಗೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ 174 ಮುಕ್ತ ಪತ್ರಿಕೆಗಳು ಹೀಗೆಯೇ ಅಂತರ್ಜಾಲದಿಂದ ಕಾಣೆಯಾದದ್ದನ್ನು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಲೇಖನಕ್ಕೆ ಕೊಡುವ ಕಾಯಂ ಗುರುತು, ಅಂದರೆ ಡಿಒಐ ಸಂಖ್ಯೆಯಿದ್ದರೆ ಅದು ಶಾಶ್ವತವೆಂಬ ನಂಬಿಕೆ ನಮ್ಮ ಅಧ್ಯಾಪಕರಲ್ಲಿದೆ. ಆದರೆ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕ ಮಾರ್ಟಿನ್ ಈವ್ ಅವರು ಡಿಒಐ ಇದ್ದ 74 ಲಕ್ಷ ಬರಹಗಳನ್ನು ಪರಿಶೀಲಿಸಿದಾಗ, ಸುಮಾರು ಶೇಕಡ 28ರಷ್ಟಕ್ಕೆ ಯಾವ ಸಂರಕ್ಷಣಾಗಾರದಲ್ಲೂ ಪ್ರತಿಯಿದ್ದ ಗುರುತು ಸಿಗಲಿಲ್ಲ. ಮನೆಯೇ ಬಿದ್ದುಹೋದರೆ ಬಾಗಿಲ ನಂಬರು ಏನು ಮಾಡೀತು? ಸ್ಟ್ಯಾನ್‌ಫರ್ಡ್ ಗ್ರಂಥಾಲಯದವರು ಹುಟ್ಟುಹಾಕಿದ ಲಾಕ್ಸ್ ವ್ಯವಸ್ಥೆಯಲ್ಲಿ ಹಲವು ಗ್ರಂಥಾಲಯಗಳು ಒಂದೇ ಲೇಖನವನ್ನು ಇಟ್ಟುಕೊಂಡು, ಆಗಾಗ ಪ್ರತಿಗಳನ್ನು ಪರಸ್ಪರ ತಾಳೆ ನೋಡಿ, ಕೆಟ್ಟದ್ದನ್ನು ಸರಿಯಿದ್ದದ್ದರಿಂದ ದುರಸ್ತಿ ಮಾಡಿಕೊಳ್ಳುತ್ತವೆ. ಬಿತ್ತನೆ ಭತ್ತವನ್ನು ನಾಲ್ಕು ಮನೆಗಳಲ್ಲಿ ಇಟ್ಟ ಹಾಗೆ. ಆದರೆ ಪತ್ರಿಕೆ ಬದುಕಿರುವಾಗಲೇ ಇಂಥದ್ದಕ್ಕೆ ಸೇರಿರಬೇಕು. ಮೇಷ್ಟ್ರ ಪತ್ರಿಕೆ ಸೇರಿರಲಿಲ್ಲ.

ಮರುವಾರ ಅವರು ಒಂದು ಸಿ.ಡಿ. ತಂದರು. ಮಲೆನಾಡಿನ ಮಳೆಗಾಲ ಅದರ ಅಂಚಿನಲ್ಲಿ ಬಿಳಿ ಬೂಷ್ಟನ್ನು ಹೆಣೆದಿತ್ತು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಹಾಕಿದಾಗ, ಮೂರನೆಯ ಸಲಕ್ಕೆ ಕಡತ ತೆರೆಯಿತು. ತೆರೆದರೆ, “ಅಡಿಕೆ” ಇರಬೇಕಾದಲ್ಲಿ ಇಂಗ್ಲಿಷಿನ ಸಿ, ಆರ್, ಪಿ ಮತ್ತು ತಲೆಯ ಮೇಲೆ ಗೀಟು ಹೊತ್ತ ಇ! ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡನ್ನು ಬಳಸದೆ, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡವನ್ನು ಕೂರಿಸಿದ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಟೈಪಾಗಿದ್ದ ಲೇಖನವದು. ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತಂದರೂ ಅರ್ಕಾವತ್ತುಗಳು ಅಕ್ಷರ ತಪ್ಪಿ ಕೂತಿದ್ದವು. ಮೇಷ್ಟ್ರು ಕನ್ನಡಕ ಏರಿಸಿ, ಹಳೆಯ ಉತ್ತರಪತ್ರಿಕೆ ತಿದ್ದುವ ಗತ್ತಿನಲ್ಲಿ ಒಂದೊಂದನ್ನೂ ಸರಿಪಡಿಸಿದರು.

ಫಾಂಟನ್ನು ಒಳಗೇ ಹುದುಗಿಸುವ ಪಿಡಿಎಫ್/ಎ ರೂಪದಲ್ಲಿ ಅದನ್ನು ಉಳಿಸಿ, ಕಡತದ ಬೆರಳಚ್ಚಿನಂಥ 64 ಅಕ್ಷರಗಳ ಚೆಕ್‌ಸಮ್ ತೆಗೆದೆ. ಮುಂದೆ ಒಂದು ಅಲ್ಪವಿರಾಮ ಬದಲಾದರೂ ಅದು ಹೊಂದುವುದಿಲ್ಲ. ಒಂದು ಪ್ರತಿ ನಮ್ಮ ಸರ್ವರಿನಲ್ಲಿ, ಇನ್ನೊಂದು ಬೇರೆ ಊರಿನ ಗ್ರಂಥಾಲಯದಲ್ಲಿ, ಮತ್ತೊಂದು ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಮಳೆಯ ಪ್ರಮಾಣದ ಕೋಷ್ಟಕ ಸಿ.ಡಿ.ಯಲ್ಲಿ ಬೇರೆ ಕಡತವಾಗಿತ್ತು, ಅದು ಕಡೆಗೂ ತೆರೆಯಲಿಲ್ಲ. ಆ ಜಾಗದಲ್ಲಿ “ಕೋಷ್ಟಕ ನಷ್ಟವಾಗಿದೆ” ಎಂದು ಮೇಷ್ಟ್ರೇ ಟೈಪ್ ಮಾಡಿದರು.