ಕ್ರಾಕೋವ್‌ನಲ್ಲಿ ಸೊಟ್ಟಗಿರೋದನ್ನೆಲ್ಲ ಹುಡುಕ್ಕೊಂಡು

ಪೋಲೆಂಡಿನ ಕ್ರಾಕೋವ್‌ಗೆ (ಅಲ್ಲಿನೋರ ಬಾಯಲ್ಲಿ ಅದು ಕ್ರಾಕುಫ್) ನಾನೂ ಅಕ್ಕನೂ ಹೋಗಿ ಬಂದು ಸುಮಾರು ದಿನ ಆಯ್ತು, ಆದ್ರೂ ಅಲ್ಲಿನ ಹಳೇ ಪೇಟೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಅದಕ್ಕೇ ಇವತ್ತು ಬರೆದೇಬಿಡೋಣ ಅಂತ ಕೂತೆ. ಮೂರು ದಿನ ಅಲ್ಲಿ ಬಸ್ಸು ಟ್ರಾಮು ಒಂದನ್ನೂ ಹತ್ತಲಿಲ್ಲ, ಬರೀ ನಡೆದಿದ್ದೇ.

ಮೊದಲನೇ ದಿನ ಒಂದು ವಾಕಿಂಗ್ ಟೂರ್ ಸೇರ್ಕೊಂಡ್ವಿ. ಎರಡು ಗಂಟೇಲಿ ಎಲ್ಲಾನೂ ತೋರಿಸಿ ಮುಗಿಸಿಬಿಟ್ರು, ಯಾವುದರ ಮುಂದೆಯೂ ಐದು ನಿಮಿಷ ನಿಲ್ಲೋಕೆ ಬಿಡ್ಲಿಲ್ಲ. ನನಗೆ ತುಂಬಾ ಬೇಜಾರಾಯ್ತು. ಮಾರನೇ ದಿನ ಬೆಳಗ್ಗೆ ಏಳು ಗಂಟೆಗೇ ಇಬ್ರೂ ಎದ್ದು ಮತ್ತೆ ಮುಖ್ಯ ಚೌಕಕ್ಕೆ ಹೋದ್ವಿ, ಅದನ್ನ ಅಲ್ಲಿ ರಿನೆಕ್ ಅಂತಾರೆ. ಜನ ಇರ್ಲಿಲ್ಲ, ಪಾರಿವಾಳ ಮಾತ್ರ. ಅಷ್ಟು ಖಾಲಿ ಇದ್ದಾಗಲೇ ಅದರ ಅಳತೆ ಗೊತ್ತಾಗೋದು, ಒಂದೊಂದು ಕಡೆಗೂ ಸುಮಾರು 200 ಮೀಟರ್, 1257ರಲ್ಲಿ ಹಗ್ಗ ಹಿಡಿದು ಗೆರೆ ಎಳೆದ ಹಾಗೆ ನೇರವಾಗಿ ಹಾಕಿದ ಪ್ಲ್ಯಾನ್, ಅಲ್ಲಿಂದ ಹೊರಡೋ ಬೀದಿಗಳೂ ಹೆಚ್ಚುಕಮ್ಮಿ ಚದುರಂಗದ ಮಣೆ ಥರಾನೇ.

ಚೌಕದ ಮಧ್ಯ ನಿಂತು ಸುತ್ತ ನೋಡ್ತಿದ್ದ ಅಕ್ಕ ಇದ್ದಕ್ಕಿದ್ದ ಹಾಗೆ, "ನೋಡೇ, ಆ ದೊಡ್ಡ ಚರ್ಚ್ ಸೊಟ್ಟಗಿದೆ" ಅಂದ್ಲು. ನಿಜ! ಸೇಂಟ್ ಮೇರಿ ಚರ್ಚ್ ಚೌಕದ ಅಂಚಿಗೆ ಸರಿಯಾಗಿ ಕೂತೇ ಇಲ್ಲ, ಒಂದು ಮೂಲೆ ಮುಂದಕ್ಕೆ ಚಾಚ್ಕೊಂಡಿದೆ. ಕಾರಣ ಗೊತ್ತಾದ್ಮೇಲೆ ಇಡೀ ಊರು ಬೇರೆ ಥರ ಕಾಣೋಕೆ ಶುರುವಾಯ್ತು. 1241ರಲ್ಲಿ ಮಂಗೋಲರು ಬಂದು ಊರನ್ನ ಹಾಳುಮಾಡಿದ್ರು, ಆಮೇಲೆ ಹೊಸದಾಗಿ ಗೆರೆ ಎಳೆದು ಕಟ್ಟಿದ್ದು ಈಗಿನ ಚೌಕ. ಆದ್ರೆ ಚರ್ಚ್ ಆ ಜಾಗದಲ್ಲಿ ಅದಕ್ಕೂ ಮುಂಚೆಯೇ ಇತ್ತು, ಆಮೇಲೆ ಮತ್ತೆ ಮತ್ತೆ ಕಟ್ಟಿದ್ರೂ ಹಳೇ ದಿಕ್ಕನ್ನ ಬಿಡ್ಲಿಲ್ಲ. ಅಂದ್ರೆ ಈ ಊರಲ್ಲಿ ನೇರ ಗೆರೆಗೆ ಹೊಂದದೆ ಇರೋದು ಕಂಡ್ರೆ ಅದು 1257ಕ್ಕಿಂತ ಹಳೇದಿರಬಹುದು ಅಂತ ಅನುಮಾನ ಪಡಬಹುದು. ಅವತ್ತೆಲ್ಲ ನಮಗೆ ಅದೇ ಕೆಲಸ.

ಚೌಕದ ದಕ್ಷಿಣದ ಮೂಲೇಲಿ ಸೇಂಟ್ ವೊಯ್ಚೆಹ್ ಅಂತ ಒಂದು ಪುಟ್ಟ ಚರ್ಚ್ ಇದೆ, ಟೂರ್‌ನವರು ಅದರ ಪಕ್ಕದಲ್ಲೇ ದಾಟಿಸ್ಕೊಂಡು ಹೋಗಿದ್ರು, ಹೆಸರೂ ಹೇಳಿರ್ಲಿಲ್ಲ. ನನಗೆ ಇಡೀ ಊರಲ್ಲಿ ಅತಿ ಇಷ್ಟ ಆದ ಜಾಗ ಅದು. ಅದೂ ಓರೆಯಾಗೇ ನಿಂತಿದೆ. ಮೇಲೆ ಗುಮ್ಮಟ, ಸುಣ್ಣ ಬಳಿದ ಗೋಡೆ, ಕೆಳಗೆ ಬಂದ ಹಾಗೆ ಒರಟು ಸುಣ್ಣಕಲ್ಲು, ಕೈಯಿಟ್ಟು ನೋಡಿದೆ, ಬಿಸಿಲಿದ್ರೂ ತಣ್ಣಗಿತ್ತು. ಒಂದು ಪಕ್ಕ ಬಗ್ಗಿ ನೋಡಿದ್ರೆ ತಗ್ಗಿನಲ್ಲಿ ಹಳೇ ಬಾಗಿಲಿನ ಕಲ್ಲಿನ ಚೌಕಟ್ಟು ಕಾಣುತ್ತೆ. ಈಗ ನಾವು ಓಡಾಡೋ ನೆಲಕ್ಕಿಂತ 2 ಮೀಟರಿಗೂ ಹೆಚ್ಚು ಕೆಳಗಿತ್ತಂತೆ ಅದರ ಮೂಲದ ನೆಲ! ನೂರಾರು ವರ್ಷ ಸಂತೆಯ ಕಸ, ಕೆಸರು, ಅದರ ಮೇಲೆ ಮತ್ತೆ ಕಲ್ಲು ಹಾಸೋದು, ಹೀಗೆ ಚೌಕ ಮೇಲೆ ಬಂತು, ಚರ್ಚ್ ಇದ್ದಲ್ಲೇ ಇದ್ದು ಹೂತುಹೋಯ್ತು, ಆಮೇಲೆ 17ನೇ ಶತಮಾನದಲ್ಲಿ ಗೋಡೆ ಎತ್ತರಿಸಿ ಹೊಸ ಬಾಗಿಲು ಇಟ್ರು. ನಾವು ಅಲ್ಲಿ ಮುಕ್ಕಾಲು ಗಂಟೆ ಇದ್ವಿ. ಚೌಕದ ಅಡಿಯಲ್ಲೇ ಒಂದು ಮ್ಯೂಸಿಯಂ ಕೂಡ ಇದೆ, 2010ರಲ್ಲಿ ತೆರೆದಿದ್ದು, ಅಲ್ಲಿ ಆ ಹಳೇ ಕಾಲದ ರಸ್ತೆಗಳನ್ನೇ ನೋಡಬಹುದು, ಹೋದ್ರೆ ಖಂಡಿತ ಬಿಡಬೇಡಿ.

ಟೌನ್ ಹಾಲ್‌ನ ಗೋಪುರಾನೂ ವಾಲಿದೆ, 55 ಸೆಂಟಿಮೀಟರ್, ಆದ್ರೆ ಅದು ಹಳೇ ಗೆರೆಯ ಕಥೆ ಅಲ್ಲ, 1703ರ ಬಿರುಗಾಳಿಯ ಕಥೆ. ಮಧ್ಯದಲ್ಲಿರೋ ಬಟ್ಟೆ ವ್ಯಾಪಾರದ ಉದ್ದನೆ ಮಂಟಪ, ಸುಕಿಯೆನ್ನಿತ್ಸೆ, ಚೆನ್ನಾಗಿದೆ, ಒಳಗೆ ಈಗ ಅಂಬರ್ ಒಡವೆ ಅಂಗಡಿಗಳ ಸಾಲು.

ಹೊಟ್ಟೆ ಹಸಿದಾಗ ಒಬ್ವಜಾನೆಕ್. ಬೀದಿ ಮೂಲೆಗಳಲ್ಲಿ ಗಾಜಿನ ಗಾಡಿ ಇಟ್ಕೊಂಡು ಮಾರ್ತಾರೆ, ಹಿಟ್ಟಿನ ಎಳೆಗಳನ್ನ ಹುರಿ ಹೊಸೆದ ಹಾಗೆ ಹೊಸೆದು, ಬಳೆ ಮಾಡಿ, ಮೊದಲು ನೀರಲ್ಲಿ ಬೇಯಿಸಿ ಆಮೇಲೆ ಸುಡೋದು, ಮೇಲೆ ಗಸಗಸೆ ಇಲ್ಲಾ ಎಳ್ಳು ಇಲ್ಲಾ ಉಪ್ಪು. ಕೆಲವೇ ಜ್ಲೋತಿಗೆ (ಅಲ್ಲಿನ ದುಡ್ಡು) ಒಂದು. ಬೆಳಗ್ಗೆ ತಗೊಂಡ್ರೆ ಹೊರಗೆ ಗರಿ, ಒಳಗೆ ಮೆತ್ತಗೆ, ಸಂಜೆ ಹೊತ್ತಿಗೆ ಒಣಗಿ ಗಟ್ಟಿಯಾಗಿಬಿಡುತ್ತೆ, ಹಾಗಾಗಿ ಬೆಳಗ್ಗೇನೇ ತಿನ್ನಿ.

ಚೌಕದ ಮೂಲೆಯಿಂದ ಗ್ರೊದ್‌ಸ್ಕಾ ಬೀದಿ ಹಿಡಿದು ವಾವೆಲ್ ಕೋಟೆ ಕಡೆ ಹೊರಟ್ರೆ ಅದೂ ಓರೆ! ಬೇರೆ ಬೀದಿಗಳ ಥರ ನೇರ ಹೊರಡಲ್ಲ, ಯಾಕಂದ್ರೆ ಚೌಕಕ್ಕಿಂತ ಮುಂಚೇನೇ ಕೋಟೆಗೆ ಹೋಗೋ ದಾರಿ ಅದಾಗಿತ್ತು, ಪ್ಲ್ಯಾನ್ ಹಾಕಿದೋರು ಅದನ್ನ ಹಾಗೇ ಉಳಿಸ್ಕೊಂಡ್ರು. ಅಕ್ಕನಿಗೆ ಮಂಡಿ ನೋವು ಜಾಸ್ತಿ ಆಗಿದ್ರಿಂದ ಕೋಟೆ ಗುಡ್ಡ ಹತ್ತಿ ಚರ್ಚ್ ಅಷ್ಟು ನೋಡಿ ಇಳಿದ್ವಿ.

ವಾಪಸ್ ಬರೋವಾಗ ಪ್ಲಾಂಟಿ ಪಾರ್ಕ್ ಒಳಗೆ ನಡೆದ್ವಿ, ನೆರಳು, ಬೆಂಚು, ಅಕ್ಕನಿಗೂ ಆರಾಮ. ಹಳೇ ಪೇಟೆ ಸುತ್ತ ಉಂಗುರದ ಹಾಗೆ ಸುಮಾರು 4 ಕಿಲೋಮೀಟರ್ ಇದೆ. ಅದು ಕೋಟೆಗೋಡೆ ಇದ್ದ ಜಾಗ, 19ನೇ ಶತಮಾನದ ಶುರುವಲ್ಲಿ ಗೋಡೆ ಕೆಡವಿ ಮರ ನೆಟ್ರು. ಫ್ಲೋರಿಯನ್ ಬಾಗಿಲು, ಅದರ ಮುಂದಿನ ದುಂಡನೆ ಬಾರ್ಬಿಕನ್ (ಬಾಗಿಲಿನ ಕಾವಲಿಗೆ ಕಟ್ಟಿದ ಬುರುಜು), ಪಕ್ಕದ ಒಂದಿಷ್ಟು ಗೋಡೆ, ಗೋಪುರಗಳು ಮಾತ್ರ ಉಳಿದಿವೆ. ಉಳಿಸಿದ್ದು ಫೆಲಿಕ್ಸ್ ರದ್ವಾನ್‌ಸ್ಕಿ ಅನ್ನೋ ಪ್ರೊಫೆಸರ್, ಇದನ್ನ ಕೆಡವಿದ್ರೆ ಉತ್ತರದ ಚಳಿಗಾಳಿ ಊರೊಳಗೆ ನುಗ್ಗಿ ಜನಕ್ಕೆ ಕಾಯಿಲೆ ಬರುತ್ತೆ ಅಂತ ವಾದ ಮಾಡಿದ್ರಂತೆ. ಇತಿಹಾಸ ಅಂತ ಹೇಳಿದ್ರೆ ಕೇಳ್ತಿರ್ಲಿಲ್ವೇನೋ, ಕೀಲುನೋವು ಬರುತ್ತೆ ಅಂದಿದ್ದಕ್ಕೆ ಕೇಳಿದ್ರು, ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ ಬಂತು.

ಇನ್ನು ಆ ಕಹಳೆ. ಸೇಂಟ್ ಮೇರಿ ಚರ್ಚಿನ ಎತ್ತರದ ಗೋಪುರದಿಂದ ಗಂಟೆಗೊಂದು ಸಲ, ರಾತ್ರೀನೂ ಸೇರಿ, ಅಗ್ನಿಶಾಮಕ ದಳದೋರು ಹೇಯ್ನಾವ್ ಅನ್ನೋ ಪುಟ್ಟ ರಾಗ ಊದ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು ಸಲ, ಮೊದಲನೇದು ರಾಜನಿಗೆ ಅಂತ ವಾವೆಲ್ ಕಡೆ. ಪ್ರತಿ ಸಲಾನೂ ಮಧ್ಯದಲ್ಲೇ ತಟ್ಟಂತ ನಿಲ್ಲುತ್ತೆ. ಮಂಗೋಲರು ಬಂದಾಗ ಊರೋರನ್ನ ಎಬ್ಬಿಸ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ಬಿತ್ತು ಅಂತ ದಂತಕಥೆ. ಕೆಳಗೆ ನಿಂತೋರು ಕೈ ಬೀಸಿದ್ರೆ ಊದೋರು ಕಿಟಕಿಯಿಂದ ವಾಪಸ್ ಕೈ ಬೀಸ್ತಾರೆ, ನಮಗೂ ಬೀಸಿದ್ರು.

ಕೊನೇ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ, ಕಿಟಕಿ ತೆಗೆದು ಕೂತಿದ್ದೆ. ಮೂರು ಗಂಟೆಗೆ ಕೇಳಿಸ್ತು, ಒಂದ್ಸಲ ಜೋರಾಗಿ, ಆಮೇಲೆ ಗಾಳಿ ಆ ಕಡೆ ಹೋಗಿ ಸಣ್ಣಗೆ, ಮೂರನೇದು ನಿಂತ ಕೂಡಲೇ ನಾನು ಕಿಟಕಿ ಮುಚ್ಚೋಕೆ ಎದ್ದೆ. ಹಾಸಿಗೆಯಿಂದ ಅಕ್ಕ ಕಣ್ಣು ಬಿಡದೇನೇ, "ಇರೇ, ಇನ್ನೊಂದಿದೆ" ಅಂದ್ಲು.