ಆಪ್ನಿಯಾಗೆ ನಿದ್ದೆ ಮಾತ್ರೆ?

ಸ್ಲೀಪ್ ಆಪ್ನಿಯಾ (ನಿದ್ದೇಲಿ ಗಂಟಲು ಮುಚ್ಕೊಂಡು ಪದೇ ಪದೇ ಉಸಿರು ನಿಲ್ಲೋ ತೊಂದರೆ) ಇರೋರಿಗೆ ನಿದ್ದೆ ಮಾತ್ರೆ ಬೇಡ, ಗಂಟಲು ಇನ್ನೂ ಸಡಿಲ ಆಗುತ್ತೆ ಅಂತಾನೇ ಡಾಕ್ಟರ್‌ಗಳು ಹೇಳ್ತಾ ಬಂದಿದ್ದು, ಆದ್ರೆ ಸಿಡ್ನಿಯಲ್ಲಿ ನಿದ್ದೆ ಸಂಶೋಧಕ ಡ್ಯಾನಿ ಎಕರ್ಟ್ ಅವರ ತಂಡ ಅದನ್ನೇ ಟೆಸ್ಟ್ ಮಾಡಿ ನೋಡ್ತು. ಕೆಲವರಿಗೆ ಉಸಿರು ಸ್ವಲ್ಪ ಬಿಗಿ ಆದ್ರೂ ತಟ್ಟಂತ ಎಚ್ಚರ ಆಗ್ಬಿಡುತ್ತೆ, ನಾಲಿಗೆ ಸ್ನಾಯು ಬಿಗಿಯಾಗಿ ಉಸಿರಿನ ದಾರಿ ಬಿಡಿಸೋಕೆ ಟೈಮೇ ಸಿಗಲ್ಲ, ಮಾತ್ರೆಯಿಂದ ಎಚ್ಚರ ತಡ ಆದ್ರೆ ದಾರಿ ತಾನಾಗೇ ತೆರ್ಕೋಬಹುದು ಅನ್ನೋದು ಅವರ ಲೆಕ್ಕ. ಎಷ್ಟು ಚೆಂದದ ಯೋಚನೆ! ಆದ್ರೆ 2018ರಲ್ಲಿ ಬಂದ ರಿಸಲ್ಟ್ ಪ್ರಕಾರ ಒಂದು ತಿಂಗಳು ರಾತ್ರಿ 7.5 ಮಿಲಿಗ್ರಾಂ ಝೋಪಿಕ್ಲೋನ್ ಅನ್ನೋ ನಿದ್ದೆ ಮಾತ್ರೆ ತಗೊಂಡ್ರೂ ಆಪ್ನಿಯಾ ಕಮ್ಮಿ ಆಗ್ಲಿಲ್ಲ, ಜಾಸ್ತಿನೂ ಆಗ್ಲಿಲ್ಲ, ಅದೂ ಆಕ್ಸಿಜನ್ ತೀರಾ ಇಳಿಯದೇ ಇರೋರನ್ನ ಆರಿಸಿ ಮಾಡಿದ್ದು. ನಮ್ಮಪ್ಪನ ಮೂಗಿನ ಮೇಲೆ ಸಿಪ್ಯಾಪ್ (ನಿದ್ದೇಲಿ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಮಷಿನ್) ಮಾಸ್ಕಿನ ಕೆಂಪು ಗೆರೆ ನೋಡಿದ್ರೆ ಪಾಪ ಅನ್ಸುತ್ತೆ, "ಒಂದು ಮಾತ್ರೆ ತಂದ್ಕೊಡೋ" ಅಂತಾರೆ, ಆದ್ರೂ ಡಾಕ್ಟರ್ ಹೇಳ್ದೆ ನಾನಂತೂ ತಂದ್ಕೊಡಲ್ಲ.