ನಿಂತ ಫ್ಯಾನ್ ನಂಬಿ ಕಳೆದುಕೊಂಡ ಉಗುರು

ನಾನು ಗ್ಯಾರೇಜಿನ ಕೆಲಸ ಕಲಿತದ್ದು ಅಂಬಾಸಡರ್ ಮೇಲೆ. ಐವತ್ತರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ಅದು. ಶಿರಸಿಗೆ ಬರುತ್ತಿದ್ದ ಹಳೆಯ ಗಾಡಿಗಳಲ್ಲಿ 1489 ಸಿಸಿ ಪೆಟ್ರೋಲ್ ಎಂಜಿನ್ ಉದ್ದುದ್ದಕ್ಕೆ ಕುಳಿತಿರುತ್ತಿತ್ತು, ಅದರ ಮೂತಿಗೇ ಫ್ಯಾನ್. ಎಂಜಿನ್ ಓಡಿದರೆ ಬೆಲ್ಟ್ ಓಡಬೇಕು, ಬೆಲ್ಟ್ ಓಡಿದರೆ ಫ್ಯಾನ್ ತಿರುಗಬೇಕು. ಎಂಜಿನ್ ಓಡುತ್ತಿದ್ದೂ ಫ್ಯಾನ್ ನಿಂತಿದೆಯೆಂದರೆ ಬೆಲ್ಟ್ ಹರಿದಿದೆ, ಅಷ್ಟೇ.

ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದು ನಮ್ಮ ಊರಿನ ಗ್ಯಾರೇಜಿಗೆ ಬರುವ ಹೊತ್ತಿಗೆ ನಾನು ಕೈ ಪಳಗಿದವನೆಂದು ಬೀಗುತ್ತಿದ್ದೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ನೋಡಿ ಹೊಲಿಗೆ ಯಂತ್ರವೆಂದು ನಕ್ಕದ್ದೂ ಉಂಟು.

ಒಂದು ಮಧ್ಯಾಹ್ನ ತೋಟದ ಯಜಮಾನರೊಬ್ಬರು ತಮ್ಮ ಮಾರುತಿಯನ್ನು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿಸಿಕೊಂಡು ಬಂದು, "ಮಿಸ್ತ್ರಿ, ಬಿಸಿಯ ಮುಳ್ಳು ಮೇಲೇರುತ್ತಿದೆ, ನೋಡಿ" ಎಂದರು. ಎಂಜಿನ್ ಆರಿಸದೆಯೇ ಬಾನೆಟ್ ಎತ್ತಿದೆ. ಫ್ಯಾನ್ ಅಲುಗದೆ ನಿಂತಿತ್ತು. ಬೆಲ್ಟ್ ಹುಡುಕಿದರೆ ಫ್ಯಾನಿಗೆ ಬೆಲ್ಟೇ ಇಲ್ಲ. ಬಿಗಿದುಕೊಂಡಿದೆಯೇನೋ ಎಂದು ರೆಕ್ಕೆಯನ್ನು ಬೆರಳಿನಿಂದ ತಳ್ಳಿದೆ. ಅದೇ ಗಳಿಗೆಗೆ ಅದು ಗರ್ರನೆ ತಿರುಗಿತು.

ತೋರುಬೆರಳಿನ ಉಗುರು ಹೋಯಿತು. ಯಜಮಾನರು ತಮ್ಮ ಬಿಳಿ ಪಂಚೆಯ ಅಂಚು ಹರಿದು ಬೆರಳಿಗೆ ಸುತ್ತಿದರು. ದುಡ್ಡು ಕೇಳುವ ಮುಖ ನನಗಿರಲಿಲ್ಲ.

ಈ ಗಾಡಿಯಲ್ಲಿ ಎಂಜಿನ್ ಅಡ್ಡಡ್ಡಕ್ಕೆ ಕುಳಿತಿದೆ. ಅದರ ಮೂತಿ ಚಕ್ರದ ಕಡೆಗೆ, ಫ್ಯಾನಿನ ಗಾಳಿಯಲ್ಲಿ ನೀರು ತಣಿಸುವ ರೇಡಿಯೇಟರ್ ಮುಂದಕ್ಕೆ. ನೇರ ಬೆಲ್ಟ್ ಹಾಕಲು ದಾರಿಯಿಲ್ಲ. ಹಾಗಾಗಿ ಫ್ಯಾನಿಗೆ ಬೇರೆಯೇ ವಿದ್ಯುತ್ ಮೋಟರು, ಅದಕ್ಕೊಂದು ಶಾಖದ ಸ್ವಿಚ್ಚು. ನೀರು ಕಾದಾಗ ಮಾತ್ರ ತಿರುಗುತ್ತದೆ, ತಣಿದರೆ ನಿಲ್ಲುತ್ತದೆ. ಸುಮ್ಮನಿರುವುದೇ ಅದರ ಆರೋಗ್ಯದ ಲಕ್ಷಣ. ಇಷ್ಟು ಗೊತ್ತಾಗಲು ನನಗೆ ಒಂದು ಉಗುರು ಬೇಕಾಯಿತು.

ಅಂಬಾಸಡರಿನ ಮುಂಚಕ್ರದ ಕೀಲುಗಳು ಆಗಾಗ ಗ್ರೀಸ್ ಬೇಡುತ್ತವೆ. ಆ ಕೆಲಸವಿಲ್ಲದ ಮಾರುತಿಯಲ್ಲೇ ಬೆಳೆದ ಹುಡುಗರು ಗ್ರೀಸ್ ಗನ್ ಹಿಡಿಯುವುದನ್ನೇ ಮರೆಯುತ್ತಾರೆ. ಅದು ಅವರ ಪಾಲಿನ ಉಗುರು.

ಎರಡೂ ಕಾರುಗಳ ತಯಾರಿಕೆ ನಿಂತದ್ದು 2014ರಲ್ಲೇ. ಈಗಲೂ ಅಪರೂಪಕ್ಕೆ ಒಂದೊಂದು ಬರುತ್ತದೆ. ಮೊನ್ನೆ ಅಂಬಾಸಡರ್ ಬಂದಾಗ ಹೊಸ ಹುಡುಗ ಫ್ಯಾನ್ ಹತ್ತಿರ ಕೈ ಹಾಕುವ ಮೊದಲು ಎಂಜಿನ್ ಆರಿಸಿ, ಬ್ಯಾಟರಿಯ ತಂತಿಯನ್ನೂ ಬಿಚ್ಚಿಟ್ಟ. ಆ ಗಾಡಿಗೆ ಅದರ ಅಗತ್ಯವಿರಲಿಲ್ಲ. ನಾನು ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನಿದ್ದೆ.